ಡೌನರ್ ಎನ್ನಲಾಗದ್ದು

ಬೆಟಗೇರಿಯ ಬಾಡಿಗೆ ಮನೆಗೆ ಬಂದ ಮೊದಲ ತಿಂಗಳೇ ಗೋಡೆಯಾಚೆಯಿಂದ ಕೊಡಲಿ ಏಟಿನ ಸದ್ದು ಕೇಳಿಸಿತು. ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಯಜಮಾನರಿಗೆ ಅಲ್ಲಿಗೆ ವರ್ಗವಾಗಿ ಮೈಸೂರು ಬಿಟ್ಟಿದ್ದೆವು.

ಅಲ್ಲಿಯವರೆಗೆ ನನ್ನ ಬೇಸರಕ್ಕೆಲ್ಲ ಒಂದೇ ಶಬ್ದ, ಡೌನರ್. ಕಾನ್ವೆಂಟಿನಿಂದ ಬಂದದ್ದು. ಪಿಕ್ನಿಕ್ಕಿನ ದಿನ ಮಳೆ ಬಂದರೆ ಡೌನರ್. ಪಾರ್ಟಿಯಲ್ಲಿ ಕಾಯಿಲೆಯ ಮಾತು ತೆಗೆದವರು ತಾವೇ ಡೌನರ್. ಬೆಟಗೇರಿಯ ಉಪ್ಪುನೀರು, ಅದರಲ್ಲಿ ಬೇಯದ ಬೇಳೆ, ಹಲ್ಲಿಗೆ ಬಗ್ಗದ ಕಟಕ್ ರೊಟ್ಟಿ, ಮಾತಿಗೆ ಯಾರೂ ಸಿಗದ ಮಧ್ಯಾಹ್ನ, ಎಲ್ಲವನ್ನೂ ಫೋನಿನಲ್ಲಿ ತಂಗಿಗೆ ಅದೇ ಶಬ್ದದಲ್ಲಿ ಹೇಳಿ ಮುಗಿಸುತ್ತಿದ್ದೆ.

ಮೈಸೂರಿನಲ್ಲಿ ಜಗಳವಾದರೆ ಕಿಟಕಿ ಮುಚ್ಚುತ್ತಾರೆ. ಅಂದು ಸದ್ದು ಕೇಳಿ, ನೀರು ತುಂಬುತ್ತಿದ್ದ ಚೊಂಬು ಹಿಡಿದೇ ಹೋಗಿ ನೋಡಿದರೆ ಇಲ್ಲಿ ಕದ ತೆರೆದೇ ಇತ್ತು. ಪಕ್ಕದ ಮನೆಯ ನೀಲವ್ವ ಮಗ್ಗದ ಕುಣಿಯಲ್ಲಿ, ಅಂದರೆ ನೇಯುವವರು ಕಾಲು ಇಳಿಬಿಡುವ ತಗ್ಗಿನಲ್ಲಿ, ಕೂತಿದ್ದಳು. ಪಾಲು ಕೇಳಿ ಬಂದ ಮೈದುನ ಈರಪ್ಪ ಮಗ್ಗದ ಕಂಬ ಕಡಿಯುತ್ತಿದ್ದ. ಅವಳು ಅರ್ಧ ನೇಯ್ದ ಸೀರೆಯ ಮೇಲೆ ಬೋರಲು ಬಿದ್ದಳು.

"ಏಳ ವೈನಿ, ಇಲ್ಲಂದ್ರ ನಿನ್ನೂ ಕಡೀತೀನಿ."

"ಕಡಿಯೋ. ನಾ ಎದ್ರ ಮಗ್ಗ ಉಳಿಯಂಗಿಲ್ಲ."

ಕಡಿದ. ಅವಳ ಮೊಣಕೈಯಿಂದ ರಕ್ತ ಚಿಮ್ಮಿ ಹಾಸಿನ ಎಳೆಗಳಿಗೆ ಸಿಡಿಯಿತು. ಓಣಿಯ ಹೆಂಗಸರು ನುಗ್ಗಿದರು. ಒಬ್ಬಾಕೆ ಒನಕೆಯಿಂದ ಅವನ ಮಣಿಕಟ್ಟಿಗೆ ಇಕ್ಕಿದಳು. ಮೂಳೆ ಮುರಿದದ್ದು ಕೇಳಿಸಿತು. ಬಿದ್ದ ಕೊಡಲಿಗೆ ಅವನು ಎಡಗೈ ಚಾಚಿದಾಗ ನಾನು ಕೈಯಲ್ಲಿದ್ದ ಹಿತ್ತಾಳೆ ಚೊಂಬನ್ನು ಅವನ ಕಿವಿಯ ಮೇಲೆ ಬೀಸಿದೆ. ಮತ್ತೊಮ್ಮೆ ಬೀಸಿದೆ. ಅವನು ಕುಸಿದ. ಓಣಿಯವರು ಇಬ್ಬರನ್ನೂ ಆಸ್ಪತ್ರೆಗೆ ಸಾಗಿಸಿದರು.

ನನ್ನ ಹತ್ತಿರ ಇಂಗ್ಲಿಷ್ ಹೇಳಿಸಿಕೊಳ್ಳುತ್ತಿದ್ದ ನಮ್ಮ ಹಿತ್ತಲಾಚೆಯ ಮನೆಯ ಹುಡುಗಿ ಶಬಾನಾ ನೆಲದ ರಕ್ತ ಒರೆಸುತ್ತ, "ಅಕ್ಕೋರ, ಇದಕ್ಕೂ ಡೌನರ್ ಅಂತಾರೇನ್ರಿ?" ಎಂದಳು. ಅದು ಮನಸ್ಸು ಕುಗ್ಗಿಸುವಂಥದ್ದಕ್ಕೆ ಮಾತ್ರ, ಇದಕ್ಕಲ್ಲ ಎಂದೆ. ಹಾಗಾದರೆ ಇದಕ್ಕೇನನ್ನುತ್ತಾರೆ ಎಂದಾಗ ನಾನೂ ಒಂದು ಬಟ್ಟೆ ತೆಗೆದುಕೊಂಡು ಒರೆಸಲು ಕೂತೆ. ಸಂಜೆ ತಂಗಿ ಎಲ್ಲ ಕೇಳಿ, "ವಾಟ್ ಎ ಡೌನರ್, ವಾಪಸ್ ಬಂದುಬಿಡು" ಎಂದಳು. ಫೋನ್ ಇಟ್ಟುಬಿಟ್ಟೆ.

ಹೊಲಿಗೆ ಹಾಕಿಸಿಕೊಂಡು ಬಂದ ನೀಲವ್ವ, ಅಂದು ಊರಲ್ಲಿಲ್ಲದ ಗಂಡ ಮರಳಿದ ಮೇಲೆ ಅವನಿಂದ ಮಗ್ಗ ರಿಪೇರಿ ಮಾಡಿಸಿ ನನ್ನನ್ನು ಕರೆದಳು. ಒಂದೇ ಕೈಯಲ್ಲಿ ಅವಳು ಲಾಳಿ ಓಡಿಸಬೇಕು, ನೂಲು ಒತ್ತುವ ಹಣಿಗೆ ನಾನು ಬಡಿಯಬೇಕು. ನನ್ನ ಬಡಿತ ಅವಳಿಗೆ ಸಾಲಲಿಲ್ಲ.

"ಸೊಳ್ಳಿ ಓಡ್ಸಾಕತ್ತೀರೇನ್ರಿ? ಈರಪ್ಪಗ ಹೊಡದಂಗ ಹೊಡೀರಿ."

ಸೀರೆ ಮುಗಿಯಿತು. ನಾವೂ ಇಲ್ಲೇ ಉಳಿದೆವು. ಮೈಸೂರಿಗೆ ಹೋದಾಗ ಕಾಫಿ ಆರಿದರೆ ಈಗಲೂ ಡೌನರ್ ಎನ್ನುತ್ತೇನೆ. ಆ ಮೆತ್ತನೆಯ ಶಬ್ದ ಬಾಯಿಗೆ ಹಿತ. ಅಲ್ಲಿ ನಾನು ಒಬ್ಬನ ತಲೆಗೆ ಹೊಡೆದವಳೆಂದರೆ ಯಾರೂ ನಂಬುವುದಿಲ್ಲ. ಇಲ್ಲಿ ನನ್ನ ಬಗ್ಗೆ ಬೇರೇನೂ ಯಾರಿಗೂ ಗೊತ್ತಿಲ್ಲ.