ರುಚಿ ಹೋದ ಮೇಲೆ ಯಜಮಾನರು

ಹೋದ ವಾರ ಹರಪನಹಳ್ಳಿ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಬುತ್ತಿ ಬಿಚ್ಚಿದಳು. ಗುರೆಳ್ಳು ಪುಡಿಯ ವಾಸನೆ. ದಣಿದು ಕಣ್ಣು ಮುಚ್ಚಿದ್ದೆ. ಮುಚ್ಚಿದ ಕಣ್ಣೊಳಗೇ ಕೊಟ್ಟೂರಿನ ಆ ಖಾನಾವಳಿ ಬಂತು, ಅದರ ಯಜಮಾನರು ಬಂದರು...

ನಾನಾಗ ಕೊಟ್ಟೂರಿನ ದನದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಎರಡು ಹೊತ್ತೂ ಊಟ ಅವರಲ್ಲೇ. ಅಡುಗೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಲಾರಿ ಓಡಿಸುತ್ತಿದ್ದವರು. ಹೊರಗಿನ ಊಟ ಹೊಟ್ಟೆಗೆ ಒಗ್ಗದೆ, ಲಾರಿಯ ಪಕ್ಕ ಸ್ಟವ್ ಹಚ್ಚಿ ತಾವೇ ಬೇಯಿಸಿಕೊಳ್ಳತೊಡಗಿದರಂತೆ. ಸೀದದ್ದು, ಕೆಟ್ಟದ್ದು, ಮತ್ತೆ ಮಾಡಿದ್ದು... ಜೊತೆಯ ಡ್ರೈವರುಗಳು ತಟ್ಟೆ ಹಿಡಿದು ಬರತೊಡಗಿದ ಮೇಲೆ ಲಾರಿ ಬಿಟ್ಟು ಖಾನಾವಳಿ ತೆರೆದರು. ಮುಂದೆ ಕೂಡ್ಲಿಗಿಯಲ್ಲೂ ಒಂದು. ಅವರ ಮುಳಗಾಯಿ, ಅಂದರೆ ಬದನೆಯ ಎಣ್ಣೆಗಾಯಿಗೆ ಹಡಗಲಿಯಿಂದಲೂ ಜನ ಬರುತ್ತಿದ್ದರು. ಅಳತೆ ಎಂಬುದಿರಲಿಲ್ಲ, ಒಗ್ಗರಣೆಯ ಮೇಲೆ ಬಗ್ಗಿ ಮೂಸಿದರೆ ಮುಗಿಯಿತು.

ಕೊರೊನಾ ಜ್ವರ ಅವರಿಗೂ ಬಂತು. ಜ್ವರ ಬಿಟ್ಟಿತು, ವಾಸನೆ, ರುಚಿ ಮಾತ್ರ ತಿಂಗಳುಗಟ್ಟಲೆ ಕಾದರೂ ಮರಳಲಿಲ್ಲ. ಯಾರಿಗೂ ಹೇಳದೆ ಕೈ ಅಂದಾಜಿನಲ್ಲೇ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಅವರ ಮೇಲಿನ ಗೌರವಕ್ಕೆ ನಾವೆಲ್ಲ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದೆವು. ಅವರಿಗೆ ತಿಳಿಯಿತು. ನಮ್ಮ ಮುಂದಿನ ತಟ್ಟೆಗಳನ್ನು ತಾವೇ ಎತ್ತಿದರು.

"ಉಣಬ್ಯಾಡ್ರಿ... ನನ್ನ ನಾಲಿಗಿ ಸತ್ತೈತ್ರಿ."

ಅಂದಿನಿಂದ ಒಲೆಯ ಮುಂದೆ ಅವರ ಹೆಂಡತಿ ನಿಂತರು. ಆಯಮ್ಮನ ಅಡುಗೆ ಚೆನ್ನಾಗಿಯೇ ಇತ್ತು, ಕಡಿಮೆಯಾಗಿದ್ದ ಜನ ಮರಳಿ ಬಂದರು. ಒಬ್ಬರೇ ಎರಡು ಕಡೆ ನಿಲ್ಲಲಾಗದೆ ಕೂಡ್ಲಿಗಿಯದನ್ನು ಮಾತ್ರ ಮುಚ್ಚಬೇಕಾಯಿತು. ಯಜಮಾನರು ಬಾಗಿಲ ಬಳಿ ಕೂತು "ಬರ್ರಿ, ಬರ್ರಿ" ಅನ್ನುತ್ತಿದ್ದರು. ಗದ್ದಲ ಕರಗಿದ ಮೇಲೆ ನನ್ನೆದುರು ಬಂದು ಕೂರುವರು.

"ಎಣ್ಣಿಗಾಯಿ ಹೆಂಗೈತಿ ತಮ್ಮಾ?"

"ಚಲೋ ಐತ್ರಿ."

"ಅದು ಬ್ಯಾಡ. ಮೊದ್ಲು ನಾಲಿಗಿಗೆ ಏನ್ ಹತ್ತತೈತಿ, ಆಮ್ಯಾಲೆ ಏನು... ಬಿಡಿಸಿ ಹೇಳು."

ತಡವರಿಸುತ್ತ ಹೇಳುತ್ತಿದ್ದೆ: ಮೊದಲು ಹುಣಸೆಯ ಹುಳಿ, ಬೆನ್ನಿಗೇ ಬೆಲ್ಲ, ನುಂಗಿದ ಮೇಲೆ ಹುರಿದ ಶೇಂಗಾ... ಕಣ್ಣು ಮುಚ್ಚಿ ಕೇಳುತ್ತಿದ್ದರು. ಗಂಟಲು ಒಮ್ಮೆ ಏರಿ ಇಳಿಯುತ್ತಿತ್ತು. ಒಳಗಿನಿಂದ ಹೆಂಡತಿ ನೋಡುತ್ತಿದ್ದರು.

ನನಗೆ ವರ್ಗವಾಯಿತು. ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಆಯಮ್ಮ ನನ್ನನ್ನು ಗುರುತು ಹಿಡಿದು ಹತ್ತಿರ ಕೂರಿಸಿಕೊಂಡರು.

"ಹಿಂದಿನ ದಿನ ಉಣ್ಣಾಗ ನನ್ನ ಕೈ ಹಿಡಕಂಡು, ರುಚಿ ಬಂತು ನೋಡು, ಭಾಳ ಚಲೋ ಮಾಡೀದಿ ಅಂದ್ರು. ಖರೇನೋ ಸುಳ್ಳೋ... ನಾ ಕೇಳಲಿಲ್ಲ ತಮ್ಮಾ."

ಆಮೇಲೆ ಆಯಮ್ಮ ಖಾನಾವಳಿ ತೆರೆಯಲಿಲ್ಲ. ತಂಬ್ರಹಳ್ಳಿಯ ಮಗಳ ಮನೆಗೆ ಹೋದರಂತೆ. ಆ ಜಾಗದಲ್ಲೀಗ ಮೊಬೈಲ್ ಅಂಗಡಿ.

ಹರಪನಹಳ್ಳಿಯಲ್ಲಿ ಇಳಿದು, ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋದೆ. ಹಸಿವಿತ್ತು, ಉಂಡೆ, ಎದ್ದೆ. ಏನು ಉಂಡೆ ಎಂದು ಬಿಡಿಸಿ ಕೇಳುವವರು ಇನ್ನಿಲ್ಲ.