ಗ್ರೇಸ್ ಆಂಟಿಯ ಪಿಯಾನೊದ ಮುಂದಿನ ಪಟ್ಟಿ

ಪಟ್ಟಿ ಸೀಳಿದ್ದು ಶುಕ್ರವಾರ. ಅದರ ಹಿಂದಿನ ದಿನ, ಗುರುವಾರ, ಆ ಬೇಸಿಗೆ ರಜೆಯ ಉಳಿದ ದಿನಗಳ ಹಾಗೆಯೇ ಇತ್ತು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಅಪ್ಪನ ಸೈಕಲ್ಲಿನ ಹಿಂದೆ ಕೂತು ಗ್ರೇಸ್ ಆಂಟಿಯ ಮನೆಗೆ ಹೋದೆ. ಅಪ್ಪ ಪಟ್ಟಿಯ ಕೆಳಗಿನ ಗೋಣಿಚೀಲಕ್ಕೆ ನೀರು ಚಿಮುಕಿಸಿ ತೋರಿಸಿ, "ಇದು ಒಣಗಾಕ ಬಿಡಬ್ಯಾಡ ನೋಡವ್ವಾ, ಕೂತಲ್ಲೇ ಕೂತಿರು" ಎಂದು ಹೇಳಿ ತನ್ನ ಕೆಲಸಕ್ಕೆ ಹೋದ. ನಾನು ಕೂತಲ್ಲೇ ಕೂರುವ ಮಗುವಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಹೇಳಿದ.

ಆಗಿನ ವೈಟ್‌ಫೀಲ್ಡಿನಲ್ಲಿ ಮೆಟ್ರೊ ಇರಲಿಲ್ಲ. ದೊಡ್ಡ ಮರಗಳ ಕೆಳಗೆ ಹೆಂಚಿನ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಅವುಗಳ ಪಕ್ಕದಲ್ಲೇ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ಅಂಥದ್ದೊಂದರಲ್ಲಿ ಅಪ್ಪ ಬಾಗಿಲು ಚೌಕಟ್ಟಿನ ಕೆಲಸ ಮಾಡುತ್ತಿದ್ದ. ನಾವು ಕೊಪ್ಪಳದ ಕಡೆಯವರು, ಬಡಿಗೇರರು. ಸೈಟಿನ ಮೂಲೆಯ ತಗಡಿನ ಶೆಡ್ಡೇ ನಮ್ಮ ಮನೆ. ನನಗಾಗ ಹತ್ತು ವರ್ಷ.

ಗ್ರೇಸ್ ಆಂಟಿಗೆ ಎಪ್ಪತ್ತು ದಾಟಿತ್ತು, ಒಬ್ಬರೇ ಇದ್ದರು. ಮನೆ ಮಾರಿ ಬ್ರೂಕ್‌ಫೀಲ್ಡಿನ ಸಣ್ಣ ಫ್ಲಾಟಿಗೆ ಹೋಗುವವರಿದ್ದರು. ಪಿಂಗಾಣಿ ಸಾಮಾನು ತುಂಬಲು ಪೆಟ್ಟಿಗೆ ಬೇಕೆಂದು ಅಪ್ಪನನ್ನು ಕರೆಸಿದ್ದರು. ಅಪ್ಪ ಪೆಟ್ಟಿಗೆ ಬಿಟ್ಟು, ಹಾಲಿನಲ್ಲಿದ್ದ ಮೂರು ಕಾಲಿನ ದೊಡ್ಡ ಪಿಯಾನೊ ನೋಡುತ್ತಾ ನಿಂತುಬಿಟ್ಟ. ಅದನ್ನು ನಮ್ಮ ಶೆಡ್ಡಿನಲ್ಲಿಟ್ಟರೆ ನಾವು ಹೊರಗೆ ಮಲಗಬೇಕಿತ್ತು.

"ಇದ್ಯಾಕ್ರೀ ಅಮ್ಮಾರ, ಇಷ್ಟು ದೊಡ್ಡ ಪೇಟಿ ಸುಮ್ನ ಕುಂತೈತಿ?"

"ಮೂಕ ಆಗ್ಬಿಟ್ಟಿದೆ ಮೇಸ್ತ್ರಿ. ಕೀ ಒತ್ತಿದ್ರೆ ಒಳಗೇ ಇರುತ್ತೆ, ಮೇಲೆ ಬರೋದೇ ಇಲ್ಲ" ಎಂದರು ಆಂಟಿ. ಪಿಯಾನೊ ಫ್ಲಾಟಿನ ಮೆಟ್ಟಿಲು ಹತ್ತುವಂತಿರಲಿಲ್ಲ. ಚರ್ಚಿನ ಹಿಂದಿನ ಹಾಲಿಗೆ ಕೊಡಬಹುದಿತ್ತು. ನುಡಿದರೆ ಮಾತ್ರ ಒಯ್ಯುತ್ತೇವೆ ಎಂದು ಅಲ್ಲಿನ ಸಂಗೀತದ ಮೇಷ್ಟ್ರು ಹೇಳಿದ್ದರು. ಮುಂದಿನ ವಾರ ಶನಿವಾರ ನೋಡಲು ಬರುವವರಿದ್ದರು. ಇಲ್ಲವಾದರೆ ಮನೆ ಕೆಡವುವವರು ಕಿಟಕಿ ಬಾಗಿಲುಗಳ ಜೊತೆ ಅದನ್ನೂ ಒಡೆದು ಒಯ್ಯುತ್ತಿದ್ದರು.

"ಅಲ್ಲಿಗೆ ಹೋದ್ರೆ ಭಾನುವಾರ ಭಾನುವಾರ ನಾನೂ ಹೋಗಿ ನುಡಿಸ್ಬೋದು ಮ್ಯಾನ್. ಇಲ್ದಿದ್ರೆ ಫಿನಿಷ್" ಎಂದು ಕೈ ಝಾಡಿಸಿದರು.

ಅಪ್ಪ ಪಿಯಾನೊ ನೋಡಿದ್ದೇ ಅವತ್ತು. ಆದರೆ ಮೊಣಕಾಲೂರಿ ಕೂತು, ಒಂದು ಕಣ್ಣು ಮುಚ್ಚಿ, ಚೌಕಟ್ಟಿನ ಸೊಟ್ಟ ನೋಡುವ ಹಾಗೆ ಅಂಚನ್ನು ನೋಡಿದ. ಕೀಗಳ ಮುಂದೆ, ಅವುಗಳ ತುದಿ ಮುಚ್ಚುವಂತೆ, ನಾಲ್ಕಡಿ ಉದ್ದದ ಮರದ ಪಟ್ಟಿಯೊಂದಿತ್ತು. "ಇದು ಒಳಗ ಹೊಟ್ಟಿ ಬಿಟ್ಟೈತ್ರೀ. ಕೀ ಏಳಾಕ ಜಾಗಾನ ಕೊಡವಲ್ದು. ಇದೂ ಕಟ್ಟಿಗೀನ ಅಲ್ಲೇನ್ರೀ, ಮಾಡೋಣಂತ."

ಮೊದಲು ಒಳಗಿನ ಕೆಲಸ. ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳಲ್ಲಿ ಕೆಲವುಗಳ ಕಡ್ಡಿ ತಿರುಚಿಕೊಂಡು ಪಕ್ಕದವಕ್ಕೆ ಒರಗಿದ್ದವು. ಸಂಜೆ ಕೆಲಸ ಮುಗಿಸಿ ಬಂದು ಅಪ್ಪ ಒಂದೊಂದನ್ನೂ ಮೇಣದಬತ್ತಿಯ ಶಾಖಕ್ಕೆ ಹಿಡಿದು, ಎರಡು ಬೆರಳಲ್ಲಿ ಮೆಲ್ಲಗೆ ತಿರುವಿ ಸರಿ ಮಾಡುತ್ತಿದ್ದ. ಮೇಣದಬತ್ತಿ ಹಿಡಿಯುವುದು ನನ್ನ ಕೆಲಸ. ಹಳೆಯ ಉಣ್ಣೆ, ನುಸಿಗುಳಿಗೆ, ಬಿಸಿಯಾದ ಮರ ಮೂರೂ ಸೇರಿದ ವಾಸನೆ. ನನ್ನ ಕೈ ಅಲುಗಿದರೆ ಬೆಳಕೂ ಅಲುಗುತ್ತಿತ್ತು. "ನಿನಗೇನು ಇರುವಿ ಹತ್ಯಾವೇನ?" ಎಂದು ಅಪ್ಪ ನಗುತ್ತಿದ್ದ.

ಕೊನೆಗೆ ಉಳಿದದ್ದು ಪಟ್ಟಿ. ಬುಧವಾರ ಸಂಜೆ ಅಪ್ಪ ಅದನ್ನು ಬಿಚ್ಚಿ ಅಂಗಳದಲ್ಲಿ ಎರಡು ತುದಿಗೆ ಎರಡು ಇಟ್ಟಿಗೆ ಇಟ್ಟು, ಉಬ್ಬಿದ ಹೊಟ್ಟೆ ಮೇಲೆ ಬರುವಂತೆ ಮಲಗಿಸಿದ. ಕೆಳಗೆ ಒದ್ದೆ ಗೋಣಿ, ಮೇಲೆ ಹೊಟ್ಟೆಯ ಮೇಲೆ ಆಂಟಿಯ ರುಬ್ಬುಗುಂಡು. ಕೆಳಗಿನ ತೇವಕ್ಕೆ ಮರ ಮೆತ್ತಗಾಗಬೇಕು, ಕಲ್ಲಿನ ಭಾರಕ್ಕೆ ಹೊಟ್ಟೆ ಇಳಿಯಬೇಕು. ಮೂರು ದಿನ ಸಾಕು ಎಂದಿದ್ದ. ಗೋಣಿ ಒದ್ದೆ ಇಡಲು ನಾನು.

ಗುರುವಾರ ಹೇಗೋ ಕಳೆಯಿತು. ಆಂಟಿ ಸೀಬೆಹಣ್ಣಿನ ಜಾಮ್ ಸವರಿದ ಬ್ರೆಡ್ ಕೊಟ್ಟು, ನನ್ನ ರೊಟ್ಟಿಯಲ್ಲಿ ಅರ್ಧ ಮುರಿದುಕೊಂಡು, ಚಟ್ನಿಯ ಖಾರಕ್ಕೆ ಕಣ್ಣೊರೆಸಿಕೊಂಡರು. ಶುಕ್ರವಾರ ಕಾಂಪೌಂಡಿನ ಆಚೆ ಶೆಡ್ಡಿನ ಮಕ್ಕಳೆಲ್ಲ ಲಗೋರಿ ಆಡುತ್ತಿದ್ದರು. ಕಲ್ಲುಗಳು ಉರುಳುವ ಸದ್ದು, ಕೂಗು. ನಾನು ಎದ್ದೆ, ಕೂತೆ, ಬೇಲಿಯವರೆಗೆ ಹೋಗಿ ಬಂದೆ. ಪಟ್ಟಿಯನ್ನು ಮುಟ್ಟಿದೆ. ಮೇಲೆ ಬಿಸಿ, ಕೆಳಗೆ ಹಸಿ. ಅವ್ವ ಹಪ್ಪಳ ಒಣಗಿಸುವಾಗ ಒಂದು ಮಗ್ಗಲು ಒಣಗಿದ ಕೂಡಲೇ ಮಗುಚಿ ಹಾಕುತ್ತಿದ್ದಳು. ಮಗುಚಿದರೆ ಬೇಗ ಒಣಗುತ್ತದೆ, ಬೇಗ ಒಣಗಿದರೆ ನಾನು ಹೋಗಬಹುದು. ರುಬ್ಬುಗುಂಡನ್ನು ಉರುಳಿಸಿ ಇಳಿಸಿದೆ, ಪಟ್ಟಿಯನ್ನು ಮಗುಚಿದೆ, ಮತ್ತೆ ಎದೆಗವಚಿ ಎತ್ತಿ ಗುಂಡನ್ನು ನಡುವೆ ಇಟ್ಟೆ. ಓಡಿದೆ.

ಈಗ ಹೊಟ್ಟೆ ಕೆಳಗಿತ್ತು. ಕಲ್ಲು ಅದನ್ನು ಇನ್ನಷ್ಟು ಕೆಳಗೆ ಒತ್ತುತ್ತಿತ್ತು. ನಾನು ಮಧ್ಯಾಹ್ನ ಬಂದಾಗ ಪಟ್ಟಿ ನಡುವೆ ಸೀಳಿ, ಗುಂಡು ಗೋಣಿಯ ಮೇಲೆ ಬಿದ್ದಿತ್ತು.

ಸಂಜೆ ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಮಗ್ಗಲಾ ಬದಲಿ ಮಾಡಿದ್ಯಾ?"

"ಹಪ್ಪಳಾ ಹಂಗ ಮಾಡ್ತೀವಲ್ಲಪ್ಪಾ..."

"ಹಪ್ಪಳಾ" ಎಂದ. ಮೆಟ್ಟಿಲ ಮೇಲೆ ಕೂತ. ಆಮೇಲೆ ಎದ್ದು ಒಳಗೆ ಹೋದ. ಬಾಗಿಲ ಹಿಂದೆ ನಿಂತಿದ್ದ ನನಗೆ ಕೇಳಿಸಿತು. "ನಂದ ತಪ್ಪಾತ್ರೀ ಅಮ್ಮಾರ. ಕಲ್ಲು ಭಾರ ಜಾಸ್ತಿ ಆತು."

"ಅಯ್ಯೋ ಮೇಸ್ತ್ರಿ, ನಾಳೆ ಬರ್ತಾರಲ್ಲ!"

"ಬರ್ಲಿ ಬಿಡ್ರಿ. ಪಟ್ಟಿ ಇಲ್ದಂಗ ಒಂದ್ಸಲ ಬಾರಿಸಿ ನೋಡ್ರಿ."

ಆಂಟಿ ಕೂತು ಒಂದು ಕೀ ಒತ್ತಿದರು. ಕೀ ಇಳಿದು, ಎದ್ದಿತು. ಇನ್ನೊಂದು. ಆಮೇಲೆ ಎರಡೂ ಕೈ. ಶ್ರುತಿ ಅಲ್ಲಲ್ಲಿ ತಪ್ಪಿತ್ತಂತೆ, ನನಗೆ ತಿಳಿಯಲಿಲ್ಲ. ಅವರು ನುಡಿಸುತ್ತಲೇ ಇದ್ದರು. ಅಪ್ಪ ಒಡೆದ ಪಟ್ಟಿಯನ್ನು ಕಂಕುಳಲ್ಲಿ ಹಿಡಿದು ನಿಂತಿದ್ದ.

ಶನಿವಾರ ಬಂದ ಮೇಷ್ಟ್ರು ಕೇಳಿ ತಲೆಯಾಡಿಸಿದರು. ಬರಿದಾಗಿ ಕಾಣುವ ಕೀಗಳ ತುದಿ ನೋಡಿ, "ಕೆಳದುಟಿ ಹೋದ ಬಾಯಿ ಥರ ಇದೆಯಲ್ಲಪ್ಪ" ಎಂದು ನಕ್ಕರು.

"ಮಾಡಿ ಕೊಡ್ತೀನ್ರೀ" ಎಂದ ಅಪ್ಪ. "ಹೊಸ ಕಟ್ಟಿಗಿ ಈಗ ಹೆರದ್ರ ಮತ್ತ ಡೊಂಕ ಆಕ್ಕೈತಿ. ಒಂದು ಮಳಿಗಾಲ ನೋಡ್ಲಿ."

ಪಿಯಾನೊ ಚರ್ಚಿನ ಹಾಲಿಗೆ ಹೋಯಿತು. ಆಂಟಿ ನಾಲ್ಕು ವರ್ಷ ಭಾನುವಾರಗಳಂದು ಅಲ್ಲಿ ನುಡಿಸಿದರು. ಮಗುಚಿದ್ದು ನಾನು ಎಂದು ಅವರಿಗೆ ಹೇಳಲೇ ಇಲ್ಲ. ಅಪ್ಪನ ಕೈತಪ್ಪು ಎಂದೇ ತಿಳಿದು ತೀರಿಕೊಂಡರು.

ಅಪ್ಪ ತೇಗದ ತುಂಡೊಂದನ್ನು ತಂದು ಶೆಡ್ಡಿನ ಸೂರಿಗೆ ಸಿಕ್ಕಿಸಿದ್ದ. ಒಂದು ಮಳೆಗಾಲ ಹೋಯಿತು. "ಇನ್ನೊಂದು ನೋಡ್ಲಿ" ಎಂದ. ಕೆಲಸ ಇದ್ದ ಕಡೆ ನಮ್ಮ ಮನೆಯೂ ಹೋಗುತ್ತಿತ್ತು. ಎಲ್ಲಿಗೆ ಹೋದರೂ ಪಾತ್ರೆ ಹಾಸಿಗೆಗಳ ಜೊತೆ ಆ ತುಂಡೂ ಬರುತ್ತಿತ್ತು. ಕೊನೆಗೆ ಸಿಂಗಸಂದ್ರದ ಬಾಡಿಗೆ ಮನೆಯ ಅಟ್ಟಕ್ಕೆ ಬಂತು.

ಅಪ್ಪ ಹೋಗಿ ಐದು ತಿಂಗಳಾಯಿತು. ಸಾಮಾನ್ಯ ಜ್ವರ ಅಂದುಕೊಂಡಿದ್ದೆವು. ನಾನು ಔಷಧಿ ಅಂಗಡಿಯಲ್ಲಿ ಬಿಲ್ ಹಾಕುತ್ತೇನೆ, ಮಾತ್ರೆ ನಾನೇ ತಂದುಕೊಟ್ಟಿದ್ದೆ. ಈಗ ಮನೆಯಲ್ಲಿ ಕೂತಲ್ಲಿ ಕೂರಲಾಗುವುದಿಲ್ಲ. ಹಾಗೆ ಒಂದು ದಿನ ಅಟ್ಟ ಹತ್ತಿದೆ. ತುಂಡು ಅಲ್ಲಿತ್ತು, ಧೂಳು ಹಿಡಿದು, ಬಾಣದಂತೆ ನೆಟ್ಟಗೆ. ಒರೆಸಿದಾಗ ಒಂದು ಮಗ್ಗುಲಲ್ಲಿ ಅಪ್ಪನ ದಪ್ಪ ಪೆನ್ಸಿಲ್ ಅಕ್ಷರ ಕಂಡಿತು. "ಈ ಮಗ್ಗಲ ಕೆಳಗ." ಮರಗೆಲಸದವನಿಗೆ ಅದನ್ನು ಬರೆದುಕೊಳ್ಳುವ ಅಗತ್ಯವಿಲ್ಲ. ಅದನ್ನು ಓದಬೇಕಾದವಳು ಮನೆಯಲ್ಲಿ ಒಬ್ಬಳೇ ಇದ್ದಳು.

ಮೆಟ್ರೊ ಹಿಡಿದು ವೈಟ್‌ಫೀಲ್ಡಿಗೆ ಹೋಗಿ ಬಂದೆ. ಆಂಟಿಯ ಮನೆ ಇದ್ದಲ್ಲಿ ಹದಿನಾಲ್ಕು ಅಂತಸ್ತು. ಚರ್ಚಿನ ಹಾಲ್ ಹಾಗೇ ಇದೆ. ಪಿಯಾನೊ ಇದೆ, ಒಬ್ಬಳು ಹುಡುಗಿ ನುಡಿಸುತ್ತಿದ್ದಳು. ತುಂಡನ್ನು ಬೇರೆ ಬಡಿಗೇರರಿಗೆ ಕೊಡೋಣವೆಂದು ಎರಡು ಸಲ ಹೊರಟೆ, ಎರಡು ಸಲವೂ ವಾಪಸ್ ತಂದೆ. ಕೀಗಳ ಮುಂದಿನ ಪಟ್ಟಿ ಇನ್ನೂ ಇಲ್ಲ.