ಟುಕ್ ಟುಕ್ ಟುಕ್... ಟಿಕ್!

ಪೀಣ್ಯದ ಪ್ರೆಸ್ ಶಾಪಿನವರು ಪಿಸುಗುಟ್ಟುವುದನ್ನು ನೀವು ಕೇಳಿದ್ದೀರಾ? ಅವರು ನಾಗಸಂದ್ರದಲ್ಲಿ ಗುಟ್ಟು ಹೇಳಿದರೆ ದಾಸರಹಳ್ಳಿಗೆ ಕೇಳಿಸುತ್ತದೆ. ತಪ್ಪು ಅವರದಲ್ಲ ಬಿಡಿ. ದಿನವಿಡೀ ತಗಡು ಕತ್ತರಿಸುವ ಪವರ್ ಪ್ರೆಸ್ಸಿನ ದಢಾರ್ ದಢಾರ್ ನಡುವೆ ಕೂಗಿ ಕೂಗಿ ಅವರ ಗಂಟಲಿಗೆ ಸಣ್ಣ ದನಿಯೇ ಮರೆತುಹೋಗಿರುತ್ತದೆ. ಕಿವಿಯೂ ಅರ್ಧ ಹೋಗಿರುತ್ತದೆ. "ಸ್ವಲ್ಪ ಉಪ್ಪು ಹಾಕು" ಎಂದು ಹೆಂಡತಿಗೆ ಹೇಳಿದರೂ ಪಕ್ಕದ ಮನೆಯವರು ಜಗಳ ಬಿಡಿಸಲು ಓಡಿಬರುತ್ತಾರೆ.

ಇಂಥ ದನಿಯವರು ಕಳೆದ ತಿಂಗಳು ಆಸ್ಪತ್ರೆಯ ಒಂದು ಹಾಸಿಗೆಯ ಸುತ್ತ ನಿಂತು ಪಿಸುಗುಟ್ಟಿದರು.

ಹಾಸಿಗೆಯಲ್ಲಿದ್ದವನು ಬಸವರಾಜ. ನಮ್ಮ ಕೆಳಗಿನ ಪೋರ್ಷನ್ನಿನ ಬಾಡಿಗೆದಾರ. ಕೊಪ್ಪಳದ ಕಡೆಯವನು, ಪೀಣ್ಯ ಸೆಕೆಂಡ್ ಸ್ಟೇಜಿನಲ್ಲಿ ಪ್ರೆಸ್ ಆಪರೇಟರ್. ಫಸ್ಟ್ ಶಿಫ್ಟ್ ಮುಗಿಸಿ ತುಮಕೂರು ರಸ್ತೆಯಲ್ಲಿ ಬರುವಾಗ ಮೊಪೆಡ್ ಜಾರಿತು. ತಲೆಗೇ ಪೆಟ್ಟು. (ಹೆಲ್ಮೆಟ್ಟೇ? ಅದು ಮನೆಯ ಮೊಳೆಯಲ್ಲಿ ಕ್ಷೇಮವಾಗಿ ನೇತಾಡುತ್ತಿತ್ತು.) ಆಪರೇಷನ್ ಆಯಿತು. ಉಸಿರೇನೋ ಆಡುತ್ತಿತ್ತು. ಆದರೆ ಕಣ್ಣು ಬಿಡಲಿಲ್ಲ, ಕರೆದರೆ ಓಗೊಡಲಿಲ್ಲ. ಕೋಮಾ ಎಂದರು. ಅವನ ಹೆಂಡತಿ ಗೌರವ್ವ ವಾರ್ಡಿನ ಹೊರಗಿನ ಬೆಂಚನ್ನೇ ಮನೆ ಮಾಡಿಕೊಂಡಳು.

ನೋಡಲು ಬರುವವರಿಗೆ ನಮ್ಮಲ್ಲಿ ಬರವೇ? ಮೂಸಂಬಿ ಹಿಡಿದುಕೊಂಡು ಬಂದೇ ಬಂದರು. (ಮೂಗಿಗೆ ನಳಿಗೆ ಹಾಕಿಸಿಕೊಂಡವನು ಮೂಸಂಬಿ ಸುಲಿದು ತಿನ್ನುತ್ತಾನೆಯೇ? ಯಾರು ಕೇಳಬೇಕು!) ರೋಗಿಯ ಕಾಲ ಬಳಿ ನಿಂತು ರೋಗಿಯ ಬಗ್ಗೆಯೇ ಮಾತಾಡುವುದು ನಮ್ಮ ಪದ್ಧತಿ. ಅವನಿಗೆ ಪ್ರಜ್ಞೆ ಬೇರೆ ಇಲ್ಲ ಎಂದ ಮೇಲೆ ಕೇಳಬೇಕೆ?

"ಮುಗೀತು ಗುರು. ಸುಮ್ನೆ ಉಸಿರಾಡ್ತಾವ್ನೆ ಅಷ್ಟೆ," ಎಂದ ಜೊತೆ ಕೆಲಸದವನೊಬ್ಬ. ತೀರಾ ಗುಟ್ಟಾಗಿ, ಇಡೀ ವಾರ್ಡಿಗೆ ಕೇಳುವಂತೆ.

"ಅವನ ಮೆಷಿನ್‌ಗೆ ಆಗ್ಲೇ ಬೇರೆಯವನ್ನ ಹಾಕ್ಬಿಟ್ರು ಕಣೋ," ಎಂದ ಇನ್ನೊಬ್ಬ.

"ಪಾಪ, ಆ ಹುಡ್ಗಿಗೆ ಇನ್ನೂ ವಯಸ್ಸಿದೆ. ಮುಂದೆ ಬೇರೆ ಮದ್ವೆ ಮಾಡೋದೇ ವಾಸಿ," ಎಂದಳು ಅವನ ಜೊತೆ ಬಂದಿದ್ದ ಹೆಂಗಸು.

ಊರಿನಿಂದ ಬಂದಿದ್ದ ಅಣ್ಣ ವೀರಪ್ಪನಂತೂ ತಮ್ಮನ ತಲೆಯ ಪಕ್ಕದಲ್ಲೇ ಕೂತು ತೀರ್ಮಾನ ಕೊಟ್ಟುಬಿಟ್ಟ. "ಇನ್ನೇನೈತ್ರಿ ಇವನಾಗ? ಹೋಗೂ ಜೀವ ನಮ್ಮ ಮಣ್ಣಾಗ ಹೋಗ್ಲಿ. ನಾಳೆ ಊರಿಗೆ ಒಯ್ತೀವ್ರಿ." ಮೆಟಡೋರ್ ಗೊತ್ತು ಮಾಡಿ ಆಗಿತ್ತು. ಎಸ್‌ಟಿಡಿ ಬೂತಿಗೆ ಹೋಗಿ ಊರಿಗೆ ಫೋನ್ ಮಾಡಿ ಬಂದ. ಬಂದವನೇ ಹಾಸಿಗೆಯ ಪಕ್ಕ ನಿಂತು ನನಗೆ ವರದಿ ಒಪ್ಪಿಸಿದ: "ಹೊಲದಾಗ ಮಣ್ಣು ಮಾಡಾಕ ಜಾಗಾ ನೋಡಿ ಇಡ್ರಿ ಅಂತ ಹೇಳೀನ್ರಿ."

ಗೌರವ್ವ ಹೇಳಿದ್ದು ಒಂದೇ ಮಾತು. "ನಾ ಒಲ್ಲೆ. ಅವ್ರು ಇನ್ನೂ ಅದಾರ."

ಅವಳ ಮಾತನ್ನು ಯಾರು ಲೆಕ್ಕಕ್ಕಿಡುತ್ತಾರೆ? ನಳಿಗೆ ತೆಗೆದು, ಆ ರಸ್ತೆಯಲ್ಲಿ, ಮೆಟಡೋರಿನಲ್ಲಿ ಕೊಪ್ಪಳದವರೆಗೆ ಒಯ್ದರೆ ಏನಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಆಗ ಬಂದವರು ಮೆದುಳಿನ ವಿಭಾಗದ ಡಾಕ್ಟರಮ್ಮ. ದಾವಣಗೆರೆ ಕಡೆಯವರು, ಚಿಕ್ಕ ವಯಸ್ಸು. "ಒಯ್ಯೋದಕ್ಕೆ ಮುಂಚೆ ಒಂದು ಟೆಸ್ಟ್ ಮಾಡ್ತೀನಿ. ಮೆದುಳಿಗೆ ಶಬ್ದದ ವ್ಯತ್ಯಾಸ ಗೊತ್ತಾಗುತ್ತಾ ಅಂತ ನೋಡೋಣ," ಎಂದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಕಣ್ಣೇ ಬಿಡದವನಿಗೆ ಟೆಸ್ಟಾ? ಉತ್ತರ ಯಾರು ಕೊಡ್ತಾರೆ ಮೇಡಂ?" ಎಂದೆ.

"ಮೊದ್ಲು ನೀವೇ ಕೂತ್ಕೊಳ್ಳಿ ಬನ್ನಿ ಸಾರ್."

ತಲೆಗೆ ಅಂಟು ಹಚ್ಚಿ ವೈರು ಸಿಕ್ಕಿಸಿದರು. ಕಿವಿಗೆ ಹೆಡ್‌ಫೋನು. ಕೈಗೊಂದು ವಾರಪತ್ರಿಕೆ. "ಶಬ್ದದ ಕಡೆ ಗಮನವೇ ಕೊಡ್ಬೇಡಿ, ಆರಾಮಾಗಿ ಓದಿ," ಎಂದರು. ಕಿವಿಯಲ್ಲಿ ಟುಕ್ ಟುಕ್ ಟುಕ್ ಎಂದು ಒಂದೇ ಸಮನೆ ಸದ್ದು. ಎಲ್ಲೋ ಒಮ್ಮೊಮ್ಮೆ, ಚೂರೇ ಚೂರು ಬೇರೆ ದನಿಯಲ್ಲಿ, ಟಿಕ್. ನಾನು ಸಿನಿಮಾ ಪುಟದಲ್ಲಿ ಮುಳುಗಿಹೋದೆ. ಏನೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳಲಿಲ್ಲ ಎಂದೇ ನಂಬಿದ್ದೆ!

ಕಂಪ್ಯೂಟರ್ ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ಒಂದು ಟುಕ್‌ಗೆ ನನ್ನ ಮೆದುಳು ಬರೆದದ್ದು, ಇನ್ನೊಂದು ಟಿಕ್‌ಗೆ. ಜೊತೆಜೊತೆಯಾಗಿ ಬಂದ ಗೆರೆಗಳು ಒಂದು ಕಡೆ ಸರಕ್ಕನೆ ಬೇರೆಯಾಗಿದ್ದವು. "ನೀವು ಓದ್ತಾ ಇದ್ರಿ. ನಿಮ್ಮ ಮೆದುಳು ಕಾವಲು ಕಾಯ್ತಾ ಇತ್ತು. ಬದಲಾದ ತಕ್ಷಣ ಹಿಡಿದುಬಿಟ್ಟಿದೆ. ಅದಕ್ಕೆ ನಿಮ್ಮ ಪರ್ಮಿಷನ್ ಬೇಕಾಗಿಲ್ಲ ಸಾರ್."

ನನ್ನ ತಲೆಯೊಳಗೆ ನನಗೇ ತಿಳಿಯದಂತೆ ಒಬ್ಬ ಕೂತಿದ್ದಾನೆ ಎಂದರೆ ಹೇಗಾಗಬೇಡ?

ಆಮೇಲೆ ಅದೇ ಹೆಡ್‌ಫೋನು ಬಸವರಾಜನ ಕಿವಿಗೆ. ಬಹಳ ಹೊತ್ತು ಟುಕ್ ಟುಕ್ ನಡೆಯಿತು. ಅವನ ರೆಪ್ಪೆ ಸಹ ಅಲುಗಲಿಲ್ಲ. ವೀರಪ್ಪ ಬಾಗಿಲಲ್ಲಿ ನಿಂತು ವಾಚು ನೋಡಿಕೊಳ್ಳುತ್ತಿದ್ದ. ಕೊನೆಗೆ ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

ಎರಡು ಗೆರೆ. ಜೊತೆಯಾಗಿ ಬಂದು, ಒಂದು ಕಡೆ ಬೇರೆ. ನನ್ನದರಷ್ಟು ಜೋರಾಗಿಲ್ಲ. ಆದರೆ ಬೇರೆ!

ಕಟ್ಟಿಗೆಯಂತೆ ಬಿದ್ದಿದ್ದವನ ಒಳಗೆ ಯಾರೋ ಕಿವಿಗೊಟ್ಟು ಕೂತಿದ್ದರು. ಆ ಕಿವಿಯ ಮುಂದೆಯೇ ಅವನ ಮೆಷಿನ್ ಬೇರೆಯವನಿಗೆ ಕೊಟ್ಟಾಗಿತ್ತು. ಹೆಂಡತಿಗೆ ಮದುವೆ ಮಾಡಿಸಿ ಆಗಿತ್ತು. ಹೊಲದಲ್ಲಿ ಜಾಗವನ್ನೂ ನೋಡಿ ಆಗಿತ್ತು. ಅದೂ ಪೀಣ್ಯದ ದನಿಯಲ್ಲಿ!

ವೀರಪ್ಪ ಬಾಗಿಲಿನಿಂದ ಹಾಸಿಗೆಯ ಬಳಿ ಬಂದ. "ಹಂಗಾರ, ನಾ ಜಾಗದ ಮಾತಾಡಿದ್ದು... ಅದೂ ಕೇಳೈತೇನ್ರಿ ಇವಗ?"

"ಅರ್ಥ ಆಗಿದೆಯೋ ಇಲ್ವೋ, ಈ ಮೆಷಿನ್ ಹೇಳಲ್ಲ," ಎಂದರು ಡಾಕ್ಟರಮ್ಮ. "ಎದ್ದೇ ಏಳ್ತಾರೆ ಅಂತ ಗ್ಯಾರಂಟಿನೂ ಕೊಡಲ್ಲ. ಆದ್ರೆ ಗೆರೆ ಹೀಗೆ ಬಂದವರ ವಿಷಯದಲ್ಲಿ ಆಸೆ ಇಟ್ಕೋಬಹುದು. ಮಾತು ಕೇಳಿಸಿಲ್ಲ ಅಂತ ಹೇಳೋ ಧೈರ್ಯ ಮಾತ್ರ ನನಗಿಲ್ಲ."

ವೀರಪ್ಪ ಹೊರಗೆ ಹೋಗಿ ಮೆಟಡೋರಿನವನನ್ನು ವಾಪಸ್ ಕಳಿಸಿದ. ಗೌರವ್ವ ಅಳಲಿಲ್ಲ. ಗಂಡನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಏನು ಎಂದು ನಮಗೆ ಯಾರಿಗೂ ಕೇಳಿಸಲಿಲ್ಲ.

ಬಸವರಾಜ ಇನ್ನೂ ಕಣ್ಣು ಬಿಟ್ಟಿಲ್ಲ. ಊರಿಗೂ ಹೋಗಿಲ್ಲ. ಸುದ್ದಿ ಮಾತ್ರ ಪೀಣ್ಯಕ್ಕೆಲ್ಲ ಹಬ್ಬಿತು. ಹೋದ ಭಾನುವಾರ ಅದೇ ಜೊತೆ ಕೆಲಸದವರು ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು, ತುದಿಗಾಲಲ್ಲಿ ಬಂದು, ಕೈಕಟ್ಟಿ ನಿಂತರು. ಒಬ್ಬನ ಬಾಯಿಂದಲೂ ಪಿಟ್ಟೆಂಬ ಮಾತಿಲ್ಲ.

"ಮಾತಾಡ್ರಿ ಅಣ್ಣಾರ," ಎಂದಳು ಗೌರವ್ವ. "ಅವತ್ತು ಅಷ್ಟು ಮಾತಾಡಿದ್ರಲ್ಲ. ಈಗ ಮಾತಾಡ್ರಿ. ಕೇಳ್ಸಿಕೊಳ್ಳಲಿ."

ಒಬ್ಬ ಫ್ಯಾನು ನೋಡಿದ. ಇನ್ನೊಬ್ಬ ಮೂಸಂಬಿ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. ನಾನೂ ಗಂಟಲು ಸರಿಮಾಡಿಕೊಂಡೆ, ಅಷ್ಟೇ. ಕಡೆಗೆ ವೀರಪ್ಪನೇ ಧೈರ್ಯ ಮಾಡಿ ಮುಂದೆ ಬಂದು ಕೇಳಿದ: "ಬಸೂ, ಊಟ ಆತೇನೋ?"

ಸಾಯುತ್ತಾನೆ ಎಂದುಕೊಂಡಾಗ ಬಾಯಿಗೆ ಬೀಗವೇ ಇರಲಿಲ್ಲ. ಬದುಕಬಹುದು ಎಂದ ಕೂಡಲೇ ನಮಗೇಕೆ ಮಾತೇ ಹೊರಡಲಿಲ್ಲ?